ಗ್ರಹಣದ ದಿನ ಸ್ವಲ್ಪ ನೆಲ ನೋಡಿ

ಸೂರ್ಯಗ್ರಹಣ ಬರುತ್ತಿದೆ ಅಂದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: "ಆ ಕನ್ನಡಕ ಎಲ್ಲಿ ಸಿಗುತ್ತೆ?" ಕನ್ನಡಕ ಬೇಕು, ಅದರ ಬಗ್ಗೆ ಆಮೇಲೆ ಹೇಳ್ತೀನಿ. ಆದರೆ ಅದನ್ನು ಹಾಕಿಕೊಂಡು ಎರಡು ನಿಮಿಷ ಮೇಲೆ ನೋಡಿ, "ಓ, ಕಚ್ಚಿದ ಬಿಸ್ಕತ್ತಿನ ಥರ ಇದೆ" ಅಂದು ಒಳಗೆ ಹೋಗಿ ಟಿವಿ ಮುಂದೆ ಕೂತರೆ ಗ್ರಹಣದ ಮುಕ್ಕಾಲು ಪಾಲು ಮಜಾ ತಪ್ಪಿಹೋಗುತ್ತದೆ. ಅದು ನಡೆಯುವುದು ನೆಲದ ಮೇಲೆ, ಗೋಡೆಯ ಮೇಲೆ, ನಿಮ್ಮ ಕೈ ನೆರಳಿನಲ್ಲಿ.

ನನಗೂ ಇದು ಗೊತ್ತಾಗಿದ್ದು ತಡವಾಗಿ. 2019ರ ಡಿಸೆಂಬರ್ 26, ಗುರುವಾರ. ಮಂಗಳೂರು, ಮಡಿಕೇರಿ, ಕೊಡಗಿನ ಕುಟ್ಟ ಕಡೆಯವರಿಗೆ ಪೂರ್ತಿ ಬಳೆ ಕಾಣುವ ಕಂಕಣ ಗ್ರಹಣ. ಬೆಂಗಳೂರಿನಲ್ಲಿದ್ದ ನಮಗೆ ಪಾರ್ಶ್ವ ಗ್ರಹಣ, ಆದರೂ ಸೂರ್ಯನ ಅಗಲದ ಶೇಕಡಾ ತೊಂಬತ್ತರ ಹತ್ತಿರ ಮುಚ್ಚಿತ್ತು. ಹಿಂದಿನ ದಿನ ರಸ್ತೆ ಬದಿಯಲ್ಲಿ ಐವತ್ತು ರೂಪಾಯಿಗೆ ಒಂದು ರಟ್ಟಿನ ಕನ್ನಡಕ ತಂದಿದ್ದೆ. ಬೆಳಿಗ್ಗೆ ಮನೆಯೊಳಗೆ ಸುಮ್ನೆ ಹಾಕಿ ನೋಡಿದರೆ ಅಡುಗೆಮನೆಯ ಟ್ಯೂಬ್‌ಲೈಟ್ ಚೆನ್ನಾಗಿ ಕಾಣಿಸುತ್ತಿದೆ! ಅಂಥದ್ದನ್ನು ಹಾಕಿಕೊಂಡು ಸೂರ್ಯನನ್ನು ನೋಡುವ ಹಾಗಿಲ್ಲ. ಐವತ್ತು ರೂಪಾಯಿ ಹೋಯಿತು ಅಂತ ಬೈದುಕೊಳ್ಳುತ್ತಾ ಕೆಳಗೆ ಇಳಿದೆ. ಮೋಡ ಬಂದು ಹೋಗಿ ಮಾಡುತ್ತಿತ್ತು. ಒಂಬತ್ತೂಕಾಲರ ಹೊತ್ತಿಗೆ ಬಿಸಿಲು ಬಿತ್ತು ನೋಡಿ, ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದ ಪಕ್ಕದ ಮನೆಯವರ ಬಿಳಿ ಕಾರಿನ ಬಾನೆಟ್ ತುಂಬ ನೂರಾರು ಪುಟ್ಟ ಕುಡುಗೋಲುಗಳು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ, ಗಾಳಿ ಬಂದರೆ ಒಟ್ಟಿಗೆ ಅಲುಗಾಡುತ್ತಿದ್ದವು. ಕಾರಿನ ಯಜಮಾನರು "ಏನ್ರೀ ಅದು, ಪೇಂಟ್ ಹೋಗಿದ್ಯಾ?" ಅಂತ ಓಡಿ ಬಂದರು.

ಅದು ಹೇಗೆ ಆಗುತ್ತೆ ಅಂದರೆ, ಮರದ ಎಲೆಗಳ ಸಂದು ಒಂದೊಂದೂ ಒಂದು ಸೂಜಿರಂಧ್ರ ಕ್ಯಾಮೆರಾ. ಸಣ್ಣ ತೂತಿನ ಮೂಲಕ ಬಂದ ಬೆಳಕು ದೂರ ಹೋಗಿ ಬಿದ್ದರೆ ಅಲ್ಲಿ ಕಾಣುವುದು ತೂತಿನ ಆಕಾರ ಅಲ್ಲ, ಬೆಳಕು ಎಲ್ಲಿಂದ ಬಂತೋ ಅದರ ಆಕಾರ. ದಿನಾಲೂ ಮರದ ನೆರಳಿನಲ್ಲಿ ಕಾಣುವ ದುಂಡು ದುಂಡು ಬಿಸಿಲ ಚುಕ್ಕೆಗಳೆಲ್ಲ ಸೂರ್ಯನ ಚಿತ್ರಗಳೇ. ಸೂರ್ಯ ದುಂಡಗಿರುವುದರಿಂದ ನಮಗೆ ಅದು ಹೊಳೆಯುವುದಿಲ್ಲ, ಅಷ್ಟೇ. ಗ್ರಹಣದ ದಿನ ಸೂರ್ಯ ಕುಡುಗೋಲಾದಾಗ ಚುಕ್ಕೆಗಳೂ ಕುಡುಗೋಲಾಗುತ್ತವೆ. ಹಳೆಯ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಡೆದ ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿದು ನೆಲದ ಮೇಲೆ ಒಂದು ದುಂಡು ಬಿಲ್ಲೆ ಬೀಳುತ್ತಿತ್ತಲ್ಲ, ಅದೇ. ಹೆಂಚಿನ ಸಂದಿ ಅಡ್ಡಾದಿಡ್ಡಿ ಇದ್ದರೂ ಬಿಲ್ಲೆ ಮಾತ್ರ ದುಂಡಗೆ!

ಅಳತೆಯೂ ಸುಲಭ. ತೂತಿನಿಂದ ಚಿತ್ರದವರೆಗಿನ ದೂರವನ್ನು 109ರಿಂದ ಭಾಗಿಸಿದರೆ ಚಿತ್ರದ ಅಗಲ ಸಿಗುತ್ತದೆ. ಒಂದು ಮೀಟರ್ ದೂರಕ್ಕೆ ಒಂಬತ್ತು ಮಿಲಿಮೀಟರ್, ಅಂದರೆ ಒಂದು ಕಡಲೆಕಾಳಿನಷ್ಟು. ಹತ್ತು ಮೀಟರಿಗೆ ಒಂಬತ್ತು ಸೆಂಟಿಮೀಟರ್, ಪೂರಿಯಷ್ಟು. ಹಾಗಾಗಿ ಎತ್ತರದ ಮರ ಹುಡುಕಿ. ತೀರಾ ದಟ್ಟ ಮರ ಬೇಡ, ಸಂದುಗಳು ಬಿಡಿಬಿಡಿಯಾಗಿರಬೇಕು. ಹೊಂಗೆ ಪರವಾಗಿಲ್ಲ, ತೆಂಗು ಅಷ್ಟಕ್ಕಷ್ಟೆ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬಿಸಿಲ ಚುಕ್ಕೆ ಎಲ್ಲಿ ಚೆನ್ನಾಗಿ ಬೀಳುತ್ತದೆ ಅಂತ ನೋಡಿಕೊಂಡು ಬನ್ನಿ. ನೆಲ ಮಣ್ಣಾಗಿದ್ದರೆ ಒಂದು ಬಿಳಿ ಪಂಚೆ ಹಾಸಿ. ಆ ಪಂಚೆಗೆ ಇನ್ನೊಂದು ಕೆಲಸವೂ ಇದೆ, ಅದನ್ನು ಮುಂದೆ ಹೇಳ್ತೀನಿ.

ಮರ ಇಲ್ಲದಿದ್ದರೆ ಅಡುಗೆಮನೆಗೆ ಹೋಗಿ. ಜರಡಿ, ಬೂಂದಿ ಕರಿಯುವ ತೂತಿನ ಸೌಟು, ಯಾವುದಾದರೂ ಆದೀತು. ನನಗೆ ಇಷ್ಟವಾದದ್ದು ಚಕ್ಕುಲಿ ಒರಳಿನ ಬಿಲ್ಲೆಗಳು. ಮೊದಲು ಸೇವು ಮಾಡುವ ಬಿಲ್ಲೆ ತೆಗೆದುಕೊಳ್ಳಿ. ಅದರ ಸಣ್ಣ ತೂತುಗಳು ಒಂದು ಮೀಟರ್ ಎತ್ತರದಿಂದಲೇ ನೆಲದ ಮೇಲೆ ಅಷ್ಟೂ ಕುಡುಗೋಲು ಬಿಡಿಸುತ್ತವೆ. ಈಗ ನಕ್ಷತ್ರದ ಆಕಾರದ ತೂತಿರುವ ಚಕ್ಕುಲಿ ಬಿಲ್ಲೆ ಹಿಡಿಯಿರಿ. ನೆಲದ ಹತ್ತಿರ ಹಿಡಿದರೆ ನೆಲದ ಮೇಲೆ ನಕ್ಷತ್ರ. ಮೆಲ್ಲಗೆ ಮೇಲೆತ್ತುತ್ತಾ ಹೋಗಿ. ನಕ್ಷತ್ರದ ಮೂಲೆಗಳು ಕರಗುತ್ತವೆ, ಒಂದು ಹಂತದಲ್ಲಿ ಏನೋ ಒಂದು ಮಸುಕು ಮುದ್ದೆ, ಇನ್ನೂ ಮೇಲೆ ಹೋದರೆ ಅದೇ ಮುದ್ದೆ ಕುಡುಗೋಲಾಗಿ ನಿಲ್ಲುತ್ತದೆ. ತೂತು ದೊಡ್ಡದಾದ್ದರಿಂದ ಎತ್ತರ ಜಾಸ್ತಿ ಬೇಕು, ಮೂರು ಮೀಟರ್ ಆದರೂ. ಒಬ್ಬರು ಮೊದಲ ಮಹಡಿಯಿಂದ ಕೈ ಚಾಚಿ ಹಿಡಿಯಲಿ, ಇನ್ನೊಬ್ಬರು ಕೆಳಗೆ ಬಿಳಿ ಹಾಳೆ ಹಿಡಿದು ನಿಲ್ಲಲಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಏನೂ ಇಲ್ಲದಿದ್ದರೆ ನಿಮ್ಮ ಎರಡೂ ಕೈ ಬೆರಳುಗಳನ್ನು ಅಡ್ಡಡ್ಡ ಜೋಡಿಸಿ, ಸಂದುಗಳಲ್ಲಿ ಬೆಳಕು ಬಿಡಿ, ಸಾಕು.

ಒಂದು ಸೂಕ್ಷ್ಮ ಇದೆ. ತೂತಿನ ಚಿತ್ರ ತಲೆಕೆಳಗು. ಸೂರ್ಯನಿಗೆ ಮೇಲಿನಿಂದ ಗ್ರಹಣ ಹಿಡಿದರೆ ನೆಲದ ಚಿತ್ರದಲ್ಲಿ ಆ ಕಡಿತ ಎದುರು ಬದಿಯಲ್ಲಿ ಕಾಣುತ್ತದೆ. "ನನ್ನದು ಉಲ್ಟಾ ಬರ್ತಿದೆ" ಅಂತ ಗಾಬರಿಯಾಗಬೇಡಿ.

ದೊಡ್ಡ ಚಿತ್ರ ಬೇಕು, ಮನೆಯವರೆಲ್ಲ ಒಟ್ಟಿಗೆ ಕೂತು ನೋಡಬೇಕು ಅಂದರೆ ಕನ್ನಡಿ ಉಪಾಯ ಮಾಡಿ. ಒಂದು ಸಣ್ಣ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಮಾತ್ರ ಬಿಡಿ. ಇದನ್ನು ಮರಳು ತುಂಬಿದ ಪ್ಲಾಸ್ಟಿಕ್ ಚೆಂಡಿಗೆ ಅಂಟಿಸಿ, ಚೆಂಡನ್ನು ಒಂದು ಲೋಟದ ಬಾಯಿಯ ಮೇಲೆ ಕೂರಿಸಿದರೆ ಬೇಕಾದ ಹಾಗೆ ತಿರುಗಿಸಬಹುದು, ಬಿಟ್ಟರೆ ಅಲ್ಲಾಡುವುದಿಲ್ಲ. ಅಂಗಳದಲ್ಲಿಟ್ಟು ಬಿಸಿಲನ್ನು ಬಾಗಿಲ ಮೂಲಕ ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿ. ಇಪ್ಪತ್ತು ಮೀಟರ್ ದೂರ ಸಿಕ್ಕರೆ ಗೋಡೆಯ ಮೇಲೆ ಒಂದು ಗೇಣಿನಷ್ಟು ಅಗಲದ ಸೂರ್ಯ! ಚಂದ್ರ ಇಂಚಿಂಚಾಗಿ ನುಂಗುವುದು ಕುರ್ಚಿಯಲ್ಲಿ ಕೂತೇ ಕಾಣುತ್ತದೆ. ಗೋಡೆ ನೋಡಿ, ಕನ್ನಡಿ ನೋಡಬೇಡಿ. ಸೂರ್ಯ ಸರಿಯುವುದರಿಂದ ಎರಡು ಮೂರು ನಿಮಿಷಕ್ಕೊಮ್ಮೆ ಚೆಂಡನ್ನು ತುಸು ಹೊರಳಿಸುತ್ತಿರಬೇಕು. ಆ ಕೆಲಸಕ್ಕೆ ಮನೆಯಲ್ಲಿ ಒಬ್ಬ ಚುರುಕು ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ.

ಇದೇ ಗೋಡೆಯ ಚಿತ್ರವನ್ನು ನಮ್ಮಮ್ಮ ಬೇಡ ಬೇಡ ಅಂದರೂ ನೋಡಿದ್ದಾರೆ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ ಅಂಕೋಲಾ ಕಡೆಯಿಂದ ಒಳಗೆ ಬಂದು ಹುಬ್ಬಳ್ಳಿ, ರಾಯಚೂರು ದಾಟಿಕೊಂಡು ಹೋಯಿತು. ವಿಜ್ಞಾನಿಗಳು ದೂರದರ್ಶಕ ಹೊತ್ತು ಹುಬ್ಬಳ್ಳಿ ಹತ್ತಿರ ಬಂದು ಡೇರೆ ಹಾಕಿದ್ದರು. ಅಮ್ಮ ಆಗ ಹುಬ್ಬಳ್ಳಿಯಲ್ಲೇ ಇದ್ದರು, ಆದರೆ ಮನೆ ಬಾಗಿಲು ಹಾಕಿ, ಕಿಟಕಿ ಹಾಕಿ, ಎಲ್ಲರನ್ನೂ ಒಳಗೆ ಕೂಡಿಸಿದ್ದರಂತೆ. ಪಡುವಣ ಬಾಗಿಲು, ಅದರ ಹಲಗೆಯಲ್ಲಿ ಒಂದು ಮೊಳೆ ಬಿಟ್ಟ ತೂತು. "ನಾವು ಹೊರಗ ಹೋಗಲಿಲ್ಲವ್ವಾ, ಗ್ರಹಣನ ಒಳಗ ಬಂತು. ಗ್ವಾಡಿ ಮ್ಯಾಲ ಕುಡಗೋಲು ಕಾಣಸಾಕತ್ತಿತ್ತು, ಸಣ್ಣ ಆಕ್ಕೋತ ಆಕ್ಕೋತ ಹೋತು, ಆಮ್ಯಾಲ ಇಲ್ಲ" ಅಂತ ಈಗಲೂ ಹೇಳುತ್ತಾರೆ. ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಪೂರ್ತಿ ಕತ್ತಲೆ. ಹೊರಗೆ ಒಂದು ಹೆಜ್ಜೆ ಇಟ್ಟಿದ್ದರೆ ಜೀವಮಾನದ ನೋಟ ಸಿಗುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, ಕುಡುಗೋಲು ನೋಡಿ ಆಯಿತು. ಈಗ ನಿಮ್ಮ ನೆರಳು ನೋಡಿ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಾಮೂಲಿ ದಿನ ನೆರಳಿನ ಅಂಚು ಸ್ವಲ್ಪ ಮಸುಕು, ಯಾಕೆಂದರೆ ಸೂರ್ಯ ಒಂದು ಚುಕ್ಕೆ ಅಲ್ಲ, ಅಗಲವಾದ ತಟ್ಟೆ. ಗ್ರಹಣದಲ್ಲಿ ಸೂರ್ಯ ತೆಳ್ಳಗೆ ಗೀರಿನಂತಾದಾಗ ಒಂದು ದಿಕ್ಕಿನಲ್ಲಿ ಅಂಚು ಚೂಪಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಮಸುಕಾಗಿಯೇ ಉಳಿಯುತ್ತದೆ. ಬೆರಳುಗಳನ್ನು ಅಗಲಿಸಿ ನೆರಳು ಬೀಳಿಸಿ, ಕೈಯನ್ನು ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಬೆರಳುಗಳು ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುತ್ತವೆ, ಕೈಮೇಲಿನ ರೋಮದ ನೆರಳು ಕೂಡ ಕಂಡೀತು. ಕಾಲು ಸುತ್ತು ತಿರುಗಿಸಿದರೆ ಮತ್ತೆ ಮಸುಕು. ನಾನು ಇದನ್ನೇ ಹತ್ತು ನಿಮಿಷ ಮಾಡುತ್ತಾ ನಿಂತಿದ್ದೆ. ನೋಡಿದವರು ಏನೋ ಮಂತ್ರ ಹಾಕ್ತಿದ್ದಾನೆ ಅಂದುಕೊಂಡಿರಬೇಕು.

ಬೆಳಕಿನ ಬಣ್ಣದ ಬಗ್ಗೆ ಹೇಳುವುದು ಸ್ವಲ್ಪ ಕಷ್ಟ. ಅರ್ಧ ಸೂರ್ಯ ಮುಚ್ಚಿದರೂ ನಿಮಗೆ ಏನೂ ಗೊತ್ತಾಗುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. ಪಂಚಾಂಗದಲ್ಲೋ ಪೇಪರಿನಲ್ಲೋ "ಶೇ 50 ಗ್ರಹಣ" ಅಂದರೆ ಬಹಳಷ್ಟು ಸಲ ಸೂರ್ಯನ ಅಗಲದ ಲೆಕ್ಕ ಅದು, ಮೇಲ್ಮೈ ನೋಡಿದರೆ ಮುಚ್ಚಿದ್ದು ಶೇ 39 ಮಾತ್ರ. ಎಂಬತ್ತು ದಾಟಿದ ಮೇಲೆ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಸಂಜೆಯ ಬೆಳಕಲ್ಲ, ಸಂಜೆಯ ಕೆಂಪು ಇಲ್ಲ. ಮೋಡದ ಬೆಳಕೂ ಅಲ್ಲ, ನೆರಳುಗಳು ಚೂಪಾಗಿವೆ. ಊರಿನಲ್ಲಿ ವೋಲ್ಟೇಜ್ ಬಿದ್ದಾಗ ಬಲ್ಬು ಉರಿಯುತ್ತಲ್ಲ, ಹಾಗೆ ಇಡೀ ಊರಿಗೆ ವೋಲ್ಟೇಜ್ ಬಿದ್ದಂತೆ. ಕಣ್ಣನ್ನು ನಂಬದವರು ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಐದು ನಿಮಿಷಕ್ಕೊಮ್ಮೆ ಬರೆದಿಡಿ. ಫೋನು ಒಂದೇ ಜಾಗದಲ್ಲಿ, ಸೂರ್ಯನ ಕಡೆ ಮುಖ ಮಾಡದೆ ಇರಲಿ.

ಬಿಸಿಲಿನ ಚುರುಕು ಕಡಿಮೆಯಾಗುವುದು ಮಾತ್ರ ಚರ್ಮಕ್ಕೇ ಗೊತ್ತಾಗುತ್ತದೆ. ಒಂದು ಥರ್ಮಾಮೀಟರನ್ನು ನೆರಳಿನಲ್ಲಿ, ಗೋಡೆಗೆ ತಾಗದ ಹಾಗೆ ನೇತುಹಾಕಿ. ಜ್ವರದ್ದಲ್ಲ, ಕೋಣೆಯ ಉಷ್ಣಾಂಶ ತೋರಿಸುವಂಥದ್ದು. ಗ್ರಹಣದ ಮಧ್ಯಕಾಲದಲ್ಲೇ ಅತಿ ಕಡಿಮೆ ಬರುತ್ತದೆ ಅಂದುಕೊಂಡರೆ ತಪ್ಪು, ಕೆಲವು ನಿಮಿಷ ತಡವಾಗಿ ಬರುತ್ತದೆ. ಒಲೆ ಆರಿಸಿದ ಮೇಲೂ ಹೆಂಚು ಬಿಸಿ ಇರುವ ಹಾಗೆ ನೆಲ ತಣ್ಣಗಾಗಲು ಹೊತ್ತು ಬೇಕು. ಗಾಳಿ ಬಿದ್ದುಹೋಗುವುದೋ ದಿಕ್ಕು ಬದಲಿಸುವುದೋ ಇದೆ, ಊದಿನಕಡ್ಡಿ ಹೊಗೆ ನೋಡಿದರೆ ಸಾಕು.

ಪ್ರಾಣಿ ಪಕ್ಷಿಗಳ ವಿಷಯದಲ್ಲಿ ಒಂದು ಮಾತು. ಎಲ್ಲರ ಬಳಿಯೂ ಕಥೆ ಇರುತ್ತದೆ, ನಂಬುವ ಮೊದಲು ನೀವೇ ನೋಡಿ. ಪೂರ್ಣ ಗ್ರಹಣದಲ್ಲಿ ಹಕ್ಕಿಗಳು ಗೂಡಿಗೆ ಹೊರಡುವುದು, ಕೀಟಗಳು ಸಂಜೆಯ ರಾಗ ಎತ್ತುವುದು ಹಲವು ಕಡೆ ಕಂಡದ್ದು. 2017ರ ಅಮೆರಿಕದ ಗ್ರಹಣದಲ್ಲಿ ಹೂಗಳ ಹತ್ತಿರ ಮೈಕ್ ಇಟ್ಟು ಕೇಳಿದಾಗ, ಪೂರ್ತಿ ಕತ್ತಲಾಗುವವರೆಗೂ ಗುಂಯ್‌ಗುಟ್ಟುತ್ತಿದ್ದ ಜೇನ್ನೊಣಗಳು ಕತ್ತಲಾದ ಕೂಡಲೇ ಹೆಚ್ಚುಕಡಿಮೆ ಪೂರ್ತಿ ಸುಮ್ಮನಾಗಿದ್ದವು. ಪಾರ್ಶ್ವ ಗ್ರಹಣದಲ್ಲಿ ಅಷ್ಟೆಲ್ಲ ನಿರೀಕ್ಷೆ ಬೇಡ. ನಮ್ಮ ಬೀದಿಯ ನಾಯಿ ಅವತ್ತು ಇಡೀ ಹೊತ್ತು ನಿದ್ದೆ ಮಾಡಿತು, ಅದನ್ನೂ ಬರೆದಿಟ್ಟುಕೊಂಡಿದ್ದೇನೆ. ಮುಟ್ಟಿದರೆ ಮುನಿ ಗಿಡ, ಮಳೆಮರ ಹತ್ತಿರ ಇದ್ದರೆ ಎಲೆ ಮಡಚುತ್ತವಾ ಅಂತ ನೋಡಿ. ಮಡಚದಿದ್ದರೆ ಮಡಚಲಿಲ್ಲ ಅಂತಲೇ ಬರೆಯಿರಿ.

ಒನಕೆ ವಿಷಯಕ್ಕೆ ಬರಲೇಬೇಕು. ನೀರು ತುಂಬಿದ ಹಿತ್ತಾಳೆ ತಟ್ಟೆಯಲ್ಲಿ ಗ್ರಹಣದ ಹೊತ್ತಿಗೆ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ಪದ್ಧತಿ. ಮಾಡಿ ನೋಡಿ, ನಿಲ್ಲುತ್ತದೆ, ನಿಜ! ಆದರೆ ಹಿಂದಿನ ದಿನವೂ ಮಾಡಿ, ಮುಂದಿನ ವಾರವೂ ಮಾಡಿ. ಬುಡ ಸಪಾಟಾಗಿದ್ದು, ಒನಕೆ ನೆಟ್ಟಗಿದ್ದು, ನಿಲ್ಲಿಸುವವರಿಗೆ ಒಂಚೂರು ತಾಳ್ಮೆ ಇದ್ದರೆ ಯಾವ ಅಮಾವಾಸ್ಯೆಯೂ ಬೇಡ. ಯಾರೂ ತಳ್ಳದಿದ್ದರೆ ಗ್ರಹಣ ಬಿಟ್ಟು ಊಟವಾಗಿ ಪಾತ್ರೆ ತೊಳೆದರೂ ನಿಂತೇ ಇರುತ್ತದೆ. ಅಜ್ಜಿಯ ಜೊತೆ ವಾದಕ್ಕೆ ಹೋಗಬೇಡಿ, "ಅಜ್ಜಿ, ನಾಳೆನೂ ಒಂದ್ಸಲ ನಿಲ್ಸೋಣ್ವಾ" ಅಂತ ಕೇಳಿ. ಇನ್ನು ಪಂಚಾಂಗದ ಸ್ಪರ್ಶ, ಮಧ್ಯ, ಮೋಕ್ಷ ಕಾಲಗಳನ್ನು ಖಂಡಿತ ನೋಡಿಕೊಳ್ಳಿ. ಚಂದ್ರ ಸೂರ್ಯನ ಅಂಚು ತಾಗುವುದು, ನಡುವೆ ಬರುವುದು, ಬಿಟ್ಟು ಹೋಗುವುದು, ಇವೇ ಅವು. ನಿಮ್ಮ ಊರಿನ ಸಮಯವೇ ಬೇಕು, ಊರಿಂದ ಊರಿಗೆ ನಿಮಿಷಗಳ ವ್ಯತ್ಯಾಸ ಇರುತ್ತದೆ.

ಈಗ ಕನ್ನಡಕ. ಐಎಸ್‌ಒ 12312-2 ಅಂತ ಬರೆದಿದೆಯಾ ನೋಡಿ, ಅದು ಸೂರ್ಯನನ್ನು ನೋಡುವ ಕನ್ನಡಕಗಳ ಅಂತರರಾಷ್ಟ್ರೀಯ ಗುಣಮಟ್ಟ, ಆದರೆ ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ, ಹಾಗಾಗಿ ಮನೆಯೊಳಗೂ ಪರೀಕ್ಷೆ ಮಾಡಿ. ಹಾಕಿಕೊಂಡರೆ ದೀಪ, ಕಿಟಕಿ, ಏನೂ ಕಾಣಬಾರದು. ಕಂಡರೆ ಕಸದ ಬುಟ್ಟಿಗೆ. ಗೀರು ಬಿದ್ದದ್ದೂ ಬೇಡ. ವೆಲ್ಡಿಂಗ್ ಮಾಡುವವರ 14ನೇ ನಂಬರಿನ ಗಾಜು ಆಗುತ್ತದೆ, ಸೂರ್ಯ ಹಸಿರಾಗಿ ಕಾಣುತ್ತಾನೆ. ಅದಕ್ಕಿಂತ ತೆಳು ನಂಬರು ಬೇಡ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಸಿಡಿ, ಎರಡು ಕೂಲಿಂಗ್ ಗ್ಲಾಸು ಒಂದರ ಮೇಲೊಂದು, ಇವು ಯಾವುವೂ ಆಗುವುದಿಲ್ಲ. ಅರಿಶಿನ ನೀರಿನಲ್ಲೋ ಸಗಣಿ ನೀರಿನಲ್ಲೋ ಸೂರ್ಯನ ಬಿಂಬ ನೋಡುವುದು ನಮ್ಮಲ್ಲಿ ಬಹಳ ಕಾಲದಿಂದ ಇದೆ. ನೀರು ನೂರರಲ್ಲಿ ಎರಡು ಪಾಲು ಬೆಳಕನ್ನು ವಾಪಸು ಕಳಿಸಿದರೂ ಸೂರ್ಯನ ಎರಡು ಪಾಲು ಅಂದರೆ ಕಣ್ಣಿಗೆ ಬಹಳವೇ ಆಯಿತು, ಒಳ್ಳೆಯ ಕನ್ನಡಕ ಲಕ್ಷದಲ್ಲಿ ಒಂದು ಪಾಲನ್ನೂ ಸರಿಯಾಗಿ ಬಿಡುವುದಿಲ್ಲ. ಸುಡುವಾಗ ನೋವೂ ಆಗುವುದಿಲ್ಲ, ಕಣ್ಣಿನ ಹಿಂಪರದೆಗೆ ನೋವು ತಿಳಿಯುವುದಿಲ್ಲ, ಅದೇ ಅಪಾಯ. ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ಇಣುಕುವುದಂತೂ ಬೇಡವೇ ಬೇಡ. ಬೈನಾಕ್ಯುಲರ್ ಬೆಳಕನ್ನು ಒಟ್ಟುಮಾಡಿ ಆ ಕನ್ನಡಕವನ್ನೇ ಸುಟ್ಟೀತು.

ಪೂರ್ಣ ಗ್ರಹಣದ ದಾರಿಯಲ್ಲೇ ಹೋಗಿ ನಿಲ್ಲುವ ಅದೃಷ್ಟ ಸಿಕ್ಕವರಿಗೆ ಲೆಕ್ಕ ಬೇರೆ. ಶೇ 99ಕ್ಕೂ ನೂರಕ್ಕೂ ಹಗಲು ರಾತ್ರಿಯ ವ್ಯತ್ಯಾಸ. ಪೂರ್ತಿ ಮುಚ್ಚಲು ಒಂದೆರಡು ನಿಮಿಷ ಇರುವಾಗ ಆ ಬಿಳಿ ಪಂಚೆಯನ್ನು ಬಯಲಲ್ಲಿ ಹಾಸಿ ನೋಡುತ್ತಿರಿ. ತೊಟ್ಟಿಯ ನೀರಿನ ತಳದಲ್ಲಿ ಬಿಸಿಲು ಅಲೆಅಲೆಯಾಗಿ ಓಡಾಡುತ್ತದಲ್ಲ, ಅಂಥ ಮಸುಕು ಪಟ್ಟೆಗಳು ಪಂಚೆಯ ಮೇಲೆ ಹರಿದಾಡಬಹುದು. ನಕ್ಷತ್ರ ಮಿನುಗಿಸುವ ಗಾಳಿಯ ಅದಿರಾಟವೇ ಇದಕ್ಕೂ ಕಾರಣ. ಎಲ್ಲ ಸಲವೂ ಕಾಣುವುದಿಲ್ಲ. ಆಮೇಲೆ ಪಡುವಣ ದಿಗಂತ ನೋಡಿ, ಚಂದ್ರನ ನೆರಳು ಮಳೆ ಬರುವ ಹಾಗೆ ಕಪ್ಪಗೆ ನುಗ್ಗಿ ಬರುತ್ತದೆ. ಚಂದ್ರನ ಅಂಚಿನ ಕಣಿವೆಗಳ ಮೂಲಕ ಕೊನೆಯ ಬೆಳಕು ಮಣಿಮಣಿಯಾಗಿ ಒಡೆಯುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿಸ್ ಬೈಲಿ ಹೆಸರಿನಲ್ಲಿ ಅವು ಬೈಲಿ ಮಣಿಗಳು. ಒಂದೇ ಮಣಿ ಉಳಿದಾಗ ವಜ್ರದುಂಗುರ. ಅದೂ ಆರಿದ ಮೇಲೆ ಮಾತ್ರ ಕನ್ನಡಕ ತೆಗೆಯಿರಿ, ಆಗ ತೆಗೆಯಲೇಬೇಕು, ಇಲ್ಲದಿದ್ದರೆ ಏನೂ ಕಾಣದು. ಅಂಚಿನಲ್ಲಿ ಗುಲಾಬಿ ಬಣ್ಣದ ಜ್ವಾಲೆಗಳು, ಸುತ್ತ ಮುತ್ತಿನ ಬಣ್ಣದ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಬೆಳಕಿನಲ್ಲಿ ಅದು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟೇ. ಸೂರ್ಯನ ಕಲೆಗಳು ಜಾಸ್ತಿ ಇರುವ ಕಾಲದಲ್ಲಿ, 1980ರಲ್ಲಿ ಇದ್ದ ಹಾಗೆ, ಅದು ಸುತ್ತಲೂ ಅರಳಿದ ಹೂವಿನಂತೆ. ಕಲೆಗಳು ಕಡಿಮೆಯಿದ್ದಾಗ ಎರಡು ಬದಿಗೆ ರೆಕ್ಕೆ ಚಾಚಿದಂತೆ. ಸುತ್ತ ಒಂದು ಸಲ ತಿರುಗಿ, ನಾಲ್ಕೂ ದಿಕ್ಕಿಗೆ ಮುಸ್ಸಂಜೆ ಇರುತ್ತದೆ. ದಯವಿಟ್ಟು ಫೋಟೊ ತೆಗೆಯುತ್ತಾ ಈ ನಿಮಿಷಗಳನ್ನು ಕಳೆಯಬೇಡಿ. ವಜ್ರದುಂಗುರ ಮತ್ತೆ ಹೊಳೆದ ತಕ್ಷಣ ಕನ್ನಡಕ ಕಣ್ಣಿಗೆ.

ಆ ಗುಲಾಬಿ ಜ್ವಾಲೆಗಳನ್ನು ನೋಡಲೆಂದೇ 1868ರ ಆಗಸ್ಟ್ 18ರಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಗೆ ಬಂದಿದ್ದ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಮಳೆಗಾಲದ ಮೋಡದ ಸಂದಿಯಲ್ಲೇ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು, ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳನ್ನು ಕಂಡ. ಅವು ಕಾದು ಬೆಳಗುವ ಅನಿಲ ಅಂತ ಆಗ ಖಚಿತವಾಯಿತು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಕೂಡ ಇದ್ದ. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯೇ ಹೀಲಿಯಂ ಪತ್ತೆಗೆ ದಾರಿ ಮಾಡಿತು. ಆಗಸ್ಟಿನಲ್ಲಿ ಮೋಡ ನಂಬಿ ಕೂತವರು ಅವರು!

ಯಾಕೆ ಇದನ್ನು ಹೇಳಿದೆ ಅಂದರೆ ನಮಗೆ ಮುಂದೆ ಬರುವುದೂ ಆಗಸ್ಟಿನದ್ದೇ. 2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಖಗ್ರಾಸ. ಜೆಡ್ಡಾ, ಮೆಕ್ಕಾ ಕೂಡ ಆ ದಾರಿಯಲ್ಲಿವೆ, ಕರಾವಳಿಯಿಂದ ಅಲ್ಲಿಗೆ ಕೆಲಸಕ್ಕೆ ಹೋದವರು ಮನೆಯ ಮಹಡಿ ಹತ್ತಿದರೆ ಸಾಕು, ವಿಮಾನದ ಖರ್ಚಿಲ್ಲ. ಕರ್ನಾಟಕಕ್ಕೆ ಸಂಜೆಯ ಕಡೆಗೆ ಪಾರ್ಶ್ವ ಗ್ರಹಣ, ಸೂರ್ಯ ಕೆಳಗಿರುತ್ತಾನೆ, ಪಡುವಣ ಕಿಟಕಿ ಇರುವ ಮನೆಯವರು ಕನ್ನಡಿ ಉಪಾಯ ಮಾಡಬಹುದು. ಮೋಡ ಇದ್ದರೆ? ತೆಳು ಮೋಡದ ಹಿಂದೆ ಸೂರ್ಯ ತಟ್ಟೆಯಂತೆ ಕಾಣುತ್ತಾನೆ, ಬರಿಗಣ್ಣಲ್ಲಿ ನೋಡುವ ಆಸೆ ಆಗುತ್ತದೆ, ಬೇಡ. ಮೋಡ ಸರಿಯಲು ಅರ್ಧ ಸೆಕೆಂಡು ಸಾಕು. ಬದಲಿಗೆ ಚಕ್ಕುಲಿ ಬಿಲ್ಲೆ ಹಿಡಿದು ಕಾಯುತ್ತಿರಿ, ಬಿಸಿಲು ಒಂದೇ ನಿಮಿಷ ಬಿದ್ದರೂ ನೆಲದ ಮೇಲೆ ಚಿತ್ರ ಸಿಕ್ಕೇ ಸಿಗುತ್ತದೆ. ಅದೂ ತಪ್ಪಿದರೆ 2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ದಕ್ಷಿಣ ಭಾಗದಲ್ಲಿ ಕಂಕಣ ಗ್ರಹಣ ಇದೆ. ಬುಧವಾರ, ಶಾಲೆಗೆ ಬೇಸಿಗೆ ರಜೆ, ಕರ್ನಾಟಕದಲ್ಲೂ ಸೂರ್ಯ ಚೆನ್ನಾಗಿಯೇ ತೆಳ್ಳಗಾಗುತ್ತಾನೆ. ಪಕ್ಕದ ಮನೆಯ ಬಿಳಿ ಕಾರು ಹೊಂಗೆ ಮರದ ಕೆಳಗೇ ನಿಂತಿರಲಿ ಅಂತ ಈಗಲೇ ಹೇಳಿಟ್ಟಿದ್ದೇನೆ.